ಕಾರ್ಡ್ ಬೀರುವಿನಲ್ಲೇ ಇದೆ, ಖರ್ಚು ಡಾಲರಿನಲ್ಲಿ: ಮೂರು ದಿನದ ಗಡುವನ್ನು ಎಲ್ಲಿಂದ ಎಣಿಸಬೇಕು?

ತೋಟದಮನೆ (ಸಿರ್ಸಿ ತಾಲೂಕು):

ಮಾನ್ಯರೇ, ನನ್ನ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಬಳಸಿ ಯಾರೋ ವಿದೇಶಿ ಜಾಲತಾಣಗಳಲ್ಲಿ ಖರೀದಿ ಮಾಡಿದ್ದಾರೆ. ಬುಧವಾರ ರಾತ್ರಿ ಮೊದಲು ತೊಂಬತ್ತು ರೂಪಾಯಿಗೂ ಕಡಿಮೆಯ ಒಂದು ವ್ಯವಹಾರ ನಡೆದಿದೆ. ಅದರ ಬೆನ್ನಿಗೇ 18,400 ಮತ್ತು 22,750 ರೂಪಾಯಿಗಳ ಇನ್ನೆರಡು. ಕಾರ್ಡ್ ಮನೆಯ ಬೀರುವಿನಲ್ಲೇ ಇತ್ತು, ಓಟಿಪಿ ಬರಲೇ ಇಲ್ಲ. ಆ ವಾರದ ಮಳೆಗೆ ತಂತಿಯ ಮೇಲೆ ಮರ ಬಿದ್ದು, ಟವರಿನ ಬ್ಯಾಟರಿಯೂ ಮುಗಿದು, ಮುಂದಿನ ಮಂಗಳವಾರ ಬೆಳಿಗ್ಗೆಯವರೆಗೆ ನಮ್ಮ ಊರಿನಲ್ಲಿ ಸಿಗ್ನಲ್ ಇರಲಿಲ್ಲ. ಬ್ಯಾಂಕಿನ ಸಂದೇಶಗಳು ಒಟ್ಟಿಗೆ ಬಂದದ್ದು ಆಗಲೇ, ಮತ್ತು ಅವನ್ನು ಓದಿದ ಕೂಡಲೇ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿದೆ.

ಸಹಾಯವಾಣಿಯವರು ಹೇಳುವುದು ಬೇರೆ: ವ್ಯವಹಾರ ನಡೆದು ಮೂರು ಕೆಲಸದ ದಿನಗಳು ಮೀರಿವೆ, ಆದ್ದರಿಂದ ಪ್ರತಿ ದೊಡ್ಡ ವ್ಯವಹಾರಕ್ಕೆ 10,000 ರೂಪಾಯಿ ನೀವೇ ಭರಿಸಬೇಕು, ಸದ್ಯ ಬಿಲ್ಲನ್ನು ಪೂರ್ತಿ ಕಟ್ಟಿ, ತನಿಖೆ ಆಮೇಲೆ. ಇದು ಸರಿಯೇ? ಪೊಲೀಸ್ ದೂರಿಗೆ ಕಾರವಾರದವರೆಗೆ ಹೋಗಬೇಕೇ?

ಕಾಳಿತೀರ (ಕಾರವಾರ):

ನಾನು ಬ್ಯಾಂಕೊಂದರ ದೂರು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮಗೆ ಹೇಳಿದ ಲೆಕ್ಕ ತಪ್ಪು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಲೋಪದಿಂದ ಅನಧಿಕೃತ ವ್ಯವಹಾರ ನಡೆದಾಗ, ಬ್ಯಾಂಕಿನ ಸೂಚನೆ ಗ್ರಾಹಕನಿಗೆ ತಲುಪಿದ ಮೂರು ಕೆಲಸದ ದಿನಗಳೊಳಗೆ ಆತ ತಿಳಿಸಿದರೆ ಅವನ ಹೊಣೆ ಶೂನ್ಯ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ, ಐದು ಲಕ್ಷದವರೆಗಿನ ಮಿತಿಯ ಕಾರ್ಡಿಗೆ ಪ್ರತಿ ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲ್ಪಟ್ಟ ಮಿತಿಯ ಕಾರ್ಡಿಗೆ 25,000 ರೂಪಾಯಿ. ಗಮನಿಸಿ, ಗಡಿಯಾರ ಓಡತೊಡಗುವುದು ಕಳ್ಳತನ ನಡೆದ ಗಳಿಗೆಯಿಂದಲ್ಲ, ಸೂಚನೆ ನಿಮ್ಮ ಕೈಸೇರಿದ ದಿನದ ನಂತರ. ಸೇರಿದ ದಿನವನ್ನು ಎಣಿಕೆಗೆ ಹಿಡಿಯುವುದೇ ಇಲ್ಲ. ಕೆಲಸದ ದಿನ ಎಂದರೂ ನಿಮ್ಮ ಖಾತೆಯಿರುವ ಶಾಖೆಯ ಕೆಲಸದ ದಿನ. ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಭಾನುವಾರ, ಸ್ಥಳೀಯ ರಜೆ ಲೆಕ್ಕಕ್ಕಿಲ್ಲ. ಅವರು ಬುಧವಾರದಿಂದ ಎಣಿಸಿ, ನಡುವೆ ಎರಡನೆಯ ಶನಿವಾರವನ್ನು ಬಿಟ್ಟು, ಮಂಗಳವಾರಕ್ಕೆ ನಾಲ್ಕು ಎಂದಿರಬೇಕು. ಸರಿಯಾದ ಎಣಿಕೆಯಲ್ಲಿ ನೀವು ತಿಳಿಸಿದ್ದು ಒಂದನೆಯ ದಿನಕ್ಕಿಂತಲೂ ಮೊದಲು.

ಇನ್ನು ಇದನ್ನು ಸಾಬೀತು ಮಾಡುವ ಬಗೆ. ಅದೇ ಸುತ್ತೋಲೆ, ಎಚ್ಚರಿಕೆಯ ಸಂದೇಶ ತಲುಪಿದ ದಿನಾಂಕ ಮತ್ತು ಸಮಯವನ್ನು ಬ್ಯಾಂಕಿನ ವ್ಯವಸ್ಥೆ ದಾಖಲಿಸಿಟ್ಟಿರಬೇಕು ಎನ್ನುತ್ತದೆ, ಮತ್ತು ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರವನ್ನು ಬ್ಯಾಂಕಿನ ಮೇಲೆಯೇ ಹೊರಿಸುತ್ತದೆ. ಆದ್ದರಿಂದ ಫೋನಿನಲ್ಲಿ ವಾದಿಸುವುದನ್ನು ಬಿಟ್ಟು, ಇಮೇಲಿನಲ್ಲಿ ಒಂದೇ ಒಂದು ಬೇಡಿಕೆ ಇಡಿ: ಮೂರೂ ಸಂದೇಶಗಳು ನನ್ನ ಮೊಬೈಲಿಗೆ ತಲುಪಿದ ಸಮಯದ ದಾಖಲೆಯನ್ನು ಕೊಡಿ. ಕಳುಹಿಸಿದ ಸಮಯವನ್ನಷ್ಟೇ ಕೊಟ್ಟರೆ ಒಪ್ಪಬೇಡಿ. ಸಂದೇಶಗಳನ್ನು ಅಳಿಸದೆ ಚಿತ್ರ ತೆಗೆದಿಡಿ. ಮೊಬೈಲ್ ಕಂಪನಿಗೆ ಸಿಗ್ನಲ್ ಬಗ್ಗೆ ಊರಿನಿಂದ ಯಾರಾದರೂ ದೂರು ಕೊಟ್ಟಿದ್ದರೆ ಅದರ ಸಂಖ್ಯೆಯೂ ಕೆಲಸಕ್ಕೆ ಬರುತ್ತದೆ. ಬ್ಯಾಂಕಿನವರು ಇಮೇಲ್ ಕೂಡ ಕಳುಹಿಸಿದ್ದೆವು ಎನ್ನಬಹುದು. ಸಿಗ್ನಲ್ಲೇ ಇಲ್ಲದ ಊರಿನಲ್ಲಿ ಇಮೇಲ್ ಹೇಗೆ ತೆರೆದೀತು ಎಂಬುದು ನಿಮ್ಮ ಉತ್ತರ.

ತೋಟದಮನೆ:

ಬಹಳ ಉಪಕಾರವಾಯಿತು. ಓಟಿಪಿ ಇಲ್ಲದೆ ಹಣ ಹೋಗುವುದು ಹೇಗೆ ಎಂಬುದು ಮಾತ್ರ ತಿಳಿಯಲಿಲ್ಲ. ಬಿಲ್ಲಿನ ಕೊನೆಯ ದಿನವೂ ಹತ್ತಿರ ಬಂತು.

ಕಾಳಿತೀರ:

ಓಟಿಪಿಯಂತಹ ಎರಡನೆಯ ದೃಢೀಕರಣ ಕಡ್ಡಾಯವಾಗಿರುವುದು ದೇಶದೊಳಗಿನ ಆನ್‌ಲೈನ್ ವ್ಯವಹಾರಗಳಿಗೆ. ಅನೇಕ ವಿದೇಶಿ ಅಂಗಡಿಗಳು ಕಾರ್ಡಿನ ಸಂಖ್ಯೆ, ಅವಧಿ ಮತ್ತು ಹಿಂಬದಿಯ ಮೂರಂಕಿ ಇದ್ದರೆ ಸಾಕೆನ್ನುತ್ತವೆ. ಕೆಲವು ಆ ಮೂರಂಕಿಯನ್ನೂ ಕೇಳುವುದಿಲ್ಲ. ಸಂಖ್ಯೆ ಯಾವುದೋ ಅಂಗಡಿಯ ದತ್ತಾಂಶದಿಂದ ಸೋರಿರಬಹುದು. ಸೋರದೆಯೂ ಇರಬಹುದು: ಮೊದಲ ಆರರಿಂದ ಎಂಟು ಅಂಕಿ ಬ್ಯಾಂಕಿನ ಗುರುತು, ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿ ಬರುವ ತಾಳೆ ಅಂಕಿ, ಆದ್ದರಿಂದ ನಡುವಿನವನ್ನು ಯಂತ್ರದಿಂದ ಒಂದೊಂದಾಗಿ ಊಹಿಸಿ ನೋಡುವವರಿದ್ದಾರೆ. ಆ ಮೊದಲ ಸಣ್ಣ ಮೊತ್ತ, ಕಾರ್ಡ್ ಜೀವಂತವಾಗಿದೆಯೇ ಎಂದು ನೋಡಲು ಹಾಕಿದ ಗಾಳ. ದೂರಿನಲ್ಲಿ ಅದನ್ನು ಬಿಡಬೇಡಿ. ವಂಚನೆಯ ವಿನ್ಯಾಸ ಕಾಣುವುದೇ ಅದರಿಂದ.

ಅಘನಾಶಿನಿ (ಕುಮಟಾ):

ಬಿಲ್ಲಿನ ವಿಷಯದಲ್ಲಿ ನನ್ನದೊಂದು ಮಾತು. ವಂಚನೆ ಎಂದು ತಕರಾರು ಮಾಡಿದ ಮೊತ್ತದ ಮೇಲೆ, ಅದು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳು ಹೇಳುತ್ತವೆ. ನಿಮ್ಮ ಸ್ವಂತ ಖರ್ಚಿನ ಭಾಗವನ್ನು ಗಡುವಿನೊಳಗೆ ಕಟ್ಟಿಬಿಡಿ, ಆದರೆ ಆ ಮೊತ್ತ ಬಿಲ್ಲಿನಲ್ಲಿ ನಮೂದಾದ ಕನಿಷ್ಠ ಪಾವತಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಹಾಗೆ ಮಾಡಿದರೆ ಬಾಕಿದಾರ ಎಂಬ ಮಾತಿಗೆ ಎಡೆಯಿರುವುದಿಲ್ಲ. ಉಳಿತಾಯ ಖಾತೆಯಿಂದ ಪೂರ್ಣ ಬಿಲ್ ತಾನಾಗಿ ಕಡಿತವಾಗುವ ಏರ್ಪಾಡು ಇದ್ದರೆ ಅದನ್ನು ಇಂದೇ ನಿಲ್ಲಿಸಿ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಮುಗಿಸಬೇಕು.

ಪೊಲೀಸ್ ದೂರಿಗೆ ಈ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯುವ ಅಗತ್ಯವಿಲ್ಲ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಿ, ಸಿಕ್ಕ ಸಂಖ್ಯೆಯನ್ನು ಬ್ಯಾಂಕಿನ ದೂರಿಗೆ ಸೇರಿಸಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆ ಕಾರವಾರದಲ್ಲಿದೆಯಾದರೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ವ್ಯಾಪ್ತಿಯ ತಕರಾರಿಲ್ಲದೆ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಸಿರ್ಸಿಯ ಠಾಣೆಯೇ ಸಾಕು. ವಿದೇಶಿ ಅಂಗಡಿಗೆ ಹೋದ ಹಣವನ್ನು 1930 ತಡೆದು ನಿಲ್ಲಿಸೀತು ಎಂಬ ಭರವಸೆ ನನಗೆ ಹೆಚ್ಚಿಲ್ಲ. ಆದರೂ ಆ ಸಂಖ್ಯೆಗೆ ಬ್ಯಾಂಕಿನಲ್ಲಿ ಬೆಲೆಯಿದೆ.

ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಕಾರ್ಡಿನ ಹಿಂಬದಿಯಲ್ಲಿ ಇರುವುದನ್ನೇ ಬಳಸಿ. ಹಣ ವಾಪಸ್ ಕೊಡಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಕರೆ ಮಾಡಿದರೆ, ಅದು ಎರಡನೆಯ ವಂಚನೆ; ಆಗ ನೀವು ಓಟಿಪಿ ಹೇಳಿದಿರೋ, ಅದು ಗ್ರಾಹಕನ ನಿರ್ಲಕ್ಷ್ಯವೆನಿಸಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿಮ್ಮದೇ ಆಗುತ್ತದೆ.

ತೋಟದಮನೆ:

ಸಂದೇಶ ತಲುಪಿದ ಸಮಯದ ದಾಖಲೆಯನ್ನು ಇಮೇಲಿನಲ್ಲಿ ಕೇಳಿದ ಮೇಲೆ ಬ್ಯಾಂಕಿನವರ ಧಾಟಿ ಬದಲಾಯಿತು. ದಾಖಲೆ ಇನ್ನೂ ಬಂದಿಲ್ಲ, ಆದರೆ ಮೂರೂ ಮೊತ್ತಗಳು ತಾತ್ಕಾಲಿಕ ಜಮಾ ಎಂದು ಖಾತೆಯಲ್ಲಿ ಕಾಣುತ್ತಿವೆ. ಇದನ್ನು ಮುಗಿದ ಪ್ರಕರಣ ಎಂದುಕೊಳ್ಳಬಹುದೇ?

ಕಾಳಿತೀರ:

ಇಲ್ಲ. ತನಿಖೆಯ ತೀರ್ಮಾನ ನಿಮ್ಮ ವಿರುದ್ಧವಾದರೆ ಆ ಜಮಾ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಅದನ್ನು ಖರ್ಚಿಗೆ ಸಿಕ್ಕ ಮಿತಿ ಎಂದು ಭಾವಿಸಬೇಡಿ. ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅಲ್ಲಿಯೂ ಮೊದಲ ಪುಟದಲ್ಲಿ ತಲುಪಿದ ಸಮಯದ ವಿಷಯವನ್ನೇ ಇಡಿ, ಮಳೆಯ ಕಥೆ ಆಮೇಲೆ. ಹೊಸ ಕಾರ್ಡ್ ಬಂದಾಗ ಅಂತರರಾಷ್ಟ್ರೀಯ ವ್ಯವಹಾರದ ಸ್ವಿಚ್ಚು ಬಂದ್ ಆಗಿದೆಯೇ ಎಂದು ಆ್ಯಪಿನಲ್ಲಿ ನೋಡಿ, ಬೇಕಾದ ದಿನ ಮಾತ್ರ ತೆರೆಯಿರಿ. ಹಳೆಯ ಸಂಖ್ಯೆಗೆ ಕಟ್ಟಿದ್ದ ಮೊಬೈಲ್ ಬಿಲ್, ವಿಮೆಯ ಕಂತುಗಳನ್ನೂ ಹೊಸ ಸಂಖ್ಯೆಗೆ ನೋಂದಾಯಿಸಿಕೊಳ್ಳಬೇಕಾಗುತ್ತದೆ. ವಿಮೆಯದನ್ನು ಮೊದಲು ಮಾಡಿ.