ಶಸ್ತ್ರಚಿಕಿತ್ಸೆಯ ನಂತರದ ವಾಂತಿಯನ್ನು ಮೊದಲೇ ತಡೆಯಬಹುದೇ?

ಪ್ರಶ್ನೆ (ಡೊಂಬಿವಲಿಯಿಂದ): ಘಾಟಿನ ಬಸ್ಸು ಹತ್ತಿದರೆ ಲೋನಾವಳ ಬರುವ ಮೊದಲೇ ವಾಂತಿ ಮಾಡಿಕೊಳ್ಳುವ ನಮ್ಮ ಅತ್ತಿಗೆಗೆ ಪುಣೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅರಿವಳಿಕೆಯ ನಂತರದ ವಾಂತಿಗೆ ಮುಂಜಾಗ್ರತೆ ಏನು?

ಉತ್ತರ 1: ಬಸ್ಸಿನ ಆ ಸಂಗತಿಯನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ತಿಳಿಸಿರಿ. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು (ವಿಚಿತ್ರವಾದರೂ ನಿಜ), ಪ್ರಯಾಣದಲ್ಲಿ ವಾಂತಿಯಾಗುವುದು, ಆಮೇಲೆ ಓಪಿಯಾಯ್ಡ್ (ಮಾರ್ಫಿನ್‌ನಂಥ) ನೋವುನಿವಾರಕ ಬೇಕಾಗುವುದು, ಈ ನಾಲ್ಕೂ ಕೂಡಿದರೆ ವಾಕರಿಕೆ ಅಥವಾ ವಾಂತಿಯ ಸಂಭವ ಸುಮಾರು ಶೇ. 80. ಅಂಥವರಿಗೆ ಸಾಮಾನ್ಯವಾಗಿ ವಾಂತಿ ತಡೆಯಲು ಶಸ್ತ್ರಚಿಕಿತ್ಸೆಯ ಆರಂಭದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಮುಗಿಯುವ ಹೊತ್ತಿಗೆ 4 ಮಿ.ಗ್ರಾಂ ಒಂಡಾನ್ಸೆಟ್ರಾನ್ ಕೊಡುತ್ತಾರೆ. ಅರಿವಳಿಕೆಯ ಅನಿಲದ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಬಳಸಿದರೂ ತೊಂದರೆ ತಗ್ಗುತ್ತದೆ.

ಉತ್ತರ 2: ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿರಿ, ಡೆಕ್ಸಾಮೆಥಾಸೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಉತ್ತರ 3: ಮಣಿಕಟ್ಟಿನ ಒಳಭಾಗದಲ್ಲಿ, ಗೆರೆಯಿಂದ ಮೂರು ಬೆರಳಿನಷ್ಟು ಮೊಣಕೈ ಕಡೆಗೆ ಒತ್ತುವುದರಿಂದಲೂ ವಾಕರಿಕೆ ಕಡಿಮೆಯಾಗುತ್ತದೆ, ಆದರೆ ಅದನ್ನೇ ನಂಬಿ ಔಷಧವನ್ನು ಬಿಡಬಾರದು.