ಬೀಟ್‌ರೂಟ್ ಕೊಯ್ದರೆ ಒಳಗೆ ಕಪ್ಪು: ಬೋರಾನ್ ಹಾಕಿದವರು ಅನುಭವ ಹೇಳಿ

ಮಾಲೂರಿನಿಂದ: ಕೆಂಪು ಮರಳು ಮಣ್ಣು, ಅರ್ಧ ಎಕರೆ ಬೀಟ್‌ರೂಟ್. ಗೆಡ್ಡೆ ಹೊರಗಿಂದ ಚೆನ್ನಾಗಿದೆ, ಕೊಯ್ದರೆ ನಡುವೆ ಕಪ್ಪು. ರೋಗ ಅಂತ ಎರಡು ಸಲ ಔಷಧಿ ಹೊಡೆದೆ, ಕಡಿಮೆಯಾಗಲಿಲ್ಲ. ಬೋರಾನ್ (ಗಿಡಕ್ಕೆ ಚೂರೇ ಬೇಕಾದ ಪೋಷಕಾಂಶ) ಕೊರತೆಯಾ? ಎಷ್ಟು ಹಾಕಬೇಕು?

ಚಿಂತಾಮಣಿಯಿಂದ: ನಮ್ಮಲ್ಲೂ ಹೀಗೇ ಆಗಿತ್ತು ಅಣ್ಣ. ಸುಳಿ ನೋಡಿ. ಎಳೆ ಎಲೆ ಮುರುಟಿ, ಸಣ್ಣದಾಗಿ, ಕಪ್ಪಾಗಿ ಸಾಯ್ತಿದ್ರೆ ಬೋರಾನ್ ಮೇಲೇ ಅನುಮಾನ. ಹಳೇ ಎಲೆಯಲ್ಲಿರೋ ಬೋರಾನ್ ಹೊಸ ಎಲೆಗೆ ಸುಲಭವಾಗಿ ಹೋಗುವುದಿಲ್ಲ, ಅದಕ್ಕೇ ಸುಳಿ ಮೊದಲು ಕೆಡುತ್ತದೆ. ನಮ್ಮಂಥ ಮಣ್ಣಲ್ಲಿ ಜೋರು ಮಳೆ ಬಂದರೆ ಅದು ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. 2009ರಲ್ಲಿ ಶುರುವಾದ ಭೂಚೇತನ ಅನ್ನೋ ಸರ್ಕಾರಿ ಮಣ್ಣು ಸುಧಾರಣೆ ಯೋಜನೆಯಲ್ಲೂ ನಮ್ಮ ರಾಜ್ಯದ ಎಷ್ಟೋ ಕಡೆ ಸತು, ಬೋರಾನ್, ಗಂಧಕ ಕಡಿಮೆ ಅಂತಲೇ ಕಂಡುಬಂದಿತ್ತು.

ನಾನು ಮಣ್ಣು ಪರೀಕ್ಷೆ ಮಾಡಿಸಿದೆ. ಬೋರಾನ್ 0.5 ಪಿಪಿಎಂಗಿಂತ (ಕೆಜಿ ಮಣ್ಣಿಗೆ ಅರ್ಧ ಮಿಲಿಗ್ರಾಂ) ಕಡಿಮೆ ಬಂತು, ಅಂದ್ರೆ ಕೊರತೆ. ಮುಂದಿನ ಬೆಳೆಗೆ ಎಕರೆಗೆ 4 ಕೆಜಿ ಲೆಕ್ಕದಲ್ಲಿ ಬೋರಾಕ್ಸ್ (ಬೋರಾನ್ ಇರೋ ಬಿಳಿ ಪುಡಿ) ತಗೊಂಡು, ಜರಡಿ ಹಿಡಿದ ಗೊಬ್ಬರದಲ್ಲಿ ಕಲಸಿ, ಬಿತ್ತನೆಗೆ ಮುಂಚೆ ಸಮವಾಗಿ ಎರಚಿದೆ. ಆ ಸಲ ಕೊಯ್ದ ಗೆಡ್ಡೆ ಬಹುತೇಕ ಒಳಗೆಲ್ಲ ಒಂದೇ ಕೆಂಪು. ನೋಡಿ ಕಣ್ಣು ತುಂಬಿ ಬಂತು. ಅರ್ಧ ಎಕರೆಗೆ ನಿಮಗೆ 2 ಕೆಜಿ ಸಾಕು. ದಯವಿಟ್ಟು ಜಾಸ್ತಿ ಹಾಕಬೇಡಿ. ಬದುವಿನ ಹತ್ರ ನಮ್ಮ ಬೋರಾಕ್ಸ್ ಚೀಲ ಒಂದು ಕಡೆ ಚೆಲ್ಲಿತ್ತು. ಆಮೇಲೆ ಅಲ್ಲಿ ಹಾಕಿದ ಹುರುಳಿಕಾಯಿ ಗಿಡದ ಎಲೆ ಅಂಚೆಲ್ಲ ಬೆಂಕಿ ತಾಗಿದ ಹಾಗೆ ಸುಟ್ಟಿತ್ತು. ಕೊರತೆಗೂ ವಿಷಕ್ಕೂ ನಡುವೆ ಅಂತರ ತುಂಬಾ ಕಡಿಮೆ.

ಗೌರಿಬಿದನೂರಿನಿಂದ: ಈಗಿರೋ ಬೆಳೆಯಲ್ಲಿ ಕಪ್ಪಾದ ಗೆಡ್ಡೆ ಸರಿಯಾಗಲ್ಲ ಸರ್. ಇನ್ನೂ ದಪ್ಪಗಾಗದ ಸಾಲು ಇದ್ದರೆ 20% ಬೋರಾನ್ ಇರೋ ಪುಡಿ ಲೀಟರಿಗೆ 1 ಗ್ರಾಂ ಕಲಸಿ, ಸಂಜೆ ಹೊತ್ತು ಎಲೆ ಮೇಲೆ ಹೊಡೆಯಿರಿ. ನೆಲ ಒಣಗಲು ಬಿಡಬೇಡಿ, ಒಣಗಿದರೆ ಬೇರಿಗೆ ಬೋರಾನ್ ಸಿಗಲ್ಲ. ಸುಣ್ಣ ಜಾಸ್ತಿ ಹಾಕಿದ ಹೊಲದಲ್ಲೂ ಇದೇ ಕಥೆ.

ಹೆಸರಘಟ್ಟ ಕಡೆಯಿಂದ: ಅದೇ ಮಣ್ಣು ಪರೀಕ್ಷೆಯಲ್ಲಿ ಸತುವನ್ನೂ ನೋಡಿಸಿಬಿಡಿ. 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್. ಡಿಎಪಿ ಗೊಬ್ಬರದ ಜೊತೆ ಮಾತ್ರ ಕಲಸಬೇಡಿ, ಅದರಲ್ಲಿರೋ ರಂಜಕ ಸತುವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಸಿಗದ ಹಾಗೆ ಮಾಡುತ್ತದೆ. ಎಲೆಗೆ ಸತು ಹೊಡೆದರೆ ಬಹುಪಾಲು ಎಲೆಯಲ್ಲೇ ಉಳಿಯುತ್ತದೆ, ಗೆಡ್ಡೆಗೆ ಇಳಿಯೋದು ಕಡಿಮೆ. ಅದಕ್ಕೆ ನಮ್ಮ ಮನೇಲಿ ಬೀಟ್‌ರೂಟ್ ಸೊಪ್ಪನ್ನು ಬಿಸಾಡಲ್ಲ, ಚೆನ್ನಾಗಿ ತೊಳೆದು ಬೇಳೆ ಜೊತೆ ಬಸ್ಸಾರು ಮಾಡ್ತೀವಿ.

ಮಾಲೂರಿನಿಂದ: ಸುಳಿ ನೋಡಿಬಂದೆ ಅಣ್ಣ, ನೀವು ಹೇಳಿದ ಹಾಗೇ ಮುರುಟಿದೆ. ನಾಳೆ ಮಣ್ಣು ತಗೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗ್ತೀನಿ. ಫಲಿತಾಂಶ ಬಂದಮೇಲೆ ಇಲ್ಲೇ ಬರೀತೀನಿ.