ಚಿಪ್ ‘ರೀಪ್ರೋಗ್ರಾಮ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನಬೇಕು? ಬೋರ್ಡಿಗೆ ಬೇಕು, ಸೋಮವಾರದೊಳಗೆ

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಖಡೇಬಜಾರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ಹಳೇ ಟಿವಿ ಗೇಮು, ಅದರ ಕ್ಯಾಸೆಟ್ಟು, ಜಾಯ್‌ಸ್ಟಿಕ್ಕು, ಇಷ್ಟೇ ಕೆಲಸ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ಬಂತಲ್ಲ, ನಮ್ಮ ಸಾಲಿನವರೆಲ್ಲ ಬೋರ್ಡು ಬದಲಿಸಿ ಆಯಿತು. ನಾನೊಬ್ಬ ಉಳಿದಿದ್ದೇನೆ. ಸೋಮವಾರ ಬೆಳಿಗ್ಗೆ ಅಕ್ಷರ ಕತ್ತರಿಸುವವನು ಬರುತ್ತಾನೆ. ಅಕ್ರಿಲಿಕ್ ಅಕ್ಷರ, ಒಂದೊಂದಕ್ಕೂ ರೇಟು. ಒತ್ತಕ್ಷರವನ್ನೂ ಬೇರೆ ಅಕ್ಷರ ಅಂತಲೇ ಲೆಕ್ಕ ಹಿಡಿಯುತ್ತಾನೆ. ಪದ ಚಿಕ್ಕದಿರಲಿ, ದಯವಿಟ್ಟು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕಂಪನಿಯಿಂದ ಬಂದ ಕ್ಯಾಸೆಟ್ಟಿನ ಚಿಪ್ಪಿನಲ್ಲಿ ಆಟ ಕಾರ್ಖಾನೆಯಲ್ಲೇ ಅಚ್ಚಾಗಿ ಬಂದಿರುತ್ತದೆ. ಅದನ್ನು ಅಳಿಸಲು ಬರುವುದಿಲ್ಲ. ಹಾಗಾಗಿ ಆ ಚಿಪ್ ಕಿತ್ತು, ಅದರ ಜಾಗದಲ್ಲಿ ಅಳಿಸಿ ಬರೆಯಬಹುದಾದ ಚಿಪ್ ಕೂರಿಸಿ ಬೆಸುಗೆ ಹಾಕುತ್ತೇನೆ. ಇಲ್ಲಿನ ಇಂಜಿನಿಯರಿಂಗ್ ಹುಡುಗರು ತಾವೇ ಆಟ ಬರೆದುಕೊಂಡು ಬರುತ್ತಾರೆ, ಹಳೇ ಪೆಟ್ಟಿಗೆಯಲ್ಲಿ ಆಡಬೇಕು ಅಂತ. ತಪ್ಪು ಸಿಕ್ಕಿದರೆ ಮತ್ತೆ ತರುತ್ತಾರೆ. ನಾನು ಅದೇ ಚಿಪ್ಪನ್ನು ಅಳಿಸಿ ಮತ್ತೆ ಬರೆದು ಕೊಡುತ್ತೇನೆ. ಬೇರೆಯವರ ಆಟ ಕದ್ದು ಮಾರುವ ಧಂದೆ ಅಲ್ಲ. ಯಾರಾದರೂ ಕೇಳೇ ಕೇಳುತ್ತೀರಿ ಅಂತ ಮೊದಲೇ ಹೇಳಿದೆ.

ಎರಡು ಪದ ಬೇಕು. ಒಂದು, ಈ ಅಳಿಸಿ ಬರೆಯುವ ಕೆಲಸಕ್ಕೆ. ಇನ್ನೊಂದು, ಹೀಗೆ ಮನೆಯಲ್ಲಿ ಮಾಡಿದ ಕ್ಯಾಸೆಟ್ಟಿಗೆ. ಇಂಗ್ಲಿಷಿನವರು ರೀಪ್ರೊಡಕ್ಷನ್ ಅನ್ನುತ್ತಾರೆ. ಹೋದ ವರ್ಷ ಬ್ಯಾನರ್ ಮಾಡಿಸುವಾಗ ‘ನಕಲು ಕ್ಯಾಸೆಟ್ ಮಾಡಿಕೊಡಲಾಗುವುದು’ ಅಂತ ಬರೆದುಕೊಟ್ಟೆ. ‘ನಕಲಿ ಕ್ಯಾಸೆಟ್’ ಅಂತ ಅಚ್ಚಾಗಿ ಬಂತು. ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ಎದುರಿನ ಚಹಾದಂಗಡಿಯವರು ‘ಭಾಳ ಪ್ರಾಮಾಣಿಕ ಮನಷ್ಯಾ ನೋಡ್ರಿ ನೀವು’ ಅಂದಾಗ ತಲೆ ಎತ್ತಿ ಓದಿದೆ.

— ಖಡೇಬಜಾರ್, ಬೆಳಗಾವಿ

*

ಪುನಃಕ್ರಮವಿಧೀಕರಣ. ಪ್ರೋಗ್ರಾಮಿಗೆ ಕ್ರಮವಿಧಿ ಎಂಬ ಪದ ಪಠ್ಯಪುಸ್ತಕಗಳಲ್ಲಿ ಆಗಲೇ ಇದೆ, ಹೊಸದು ಕಟ್ಟುವ ಅಗತ್ಯವಿಲ್ಲ. ಉದ್ದವಾಯಿತು ಅನ್ನುವುದಾದರೆ ಪುನರ್ಲೇಖನ. ದಯವಿಟ್ಟು ‘ಮರುಲೇಖನ’ ಅಂತ ಮಾತ್ರ ಹಾಕಬೇಡಿ. ಮರು ಕನ್ನಡ, ಲೇಖನ ಸಂಸ್ಕೃತ. ಅರಿಸಮಾಸ. ಕಾಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅಂತ ಕವಿರಾಜಮಾರ್ಗದ ಕಾಲಕ್ಕೇ ಹೇಳಿಯಾಗಿದೆ.

— ನಿವೃತ್ತ ಕನ್ನಡ ಶಿಕ್ಷಕ, ವಿಜಯಪುರ

*

ಗುರುಗಳೇ, ಮರುಪರೀಕ್ಷೆ, ಮರುಮೌಲ್ಯಮಾಪನ, ಮರುಮುದ್ರಣ ಎಲ್ಲ ಅರಿಸಮಾಸವೇ. ನೀವೇ ಎಷ್ಟು ಮರುಮೌಲ್ಯಮಾಪನಕ್ಕೆ ಸಹಿ ಹಾಕಿದ್ದೀರೋ. ಹಾಲು ಯಾವತ್ತೋ ಒಡೆದು ಮೊಸರಾಗಿದೆ, ನಾವು ಅದನ್ನೇ ಉಣ್ಣುತ್ತಿದ್ದೇವೆ.

ನನಗೆ ಗೊತ್ತಿರುವುದು ಎರಡನೇ ಪದ. ನಾನು ತಾಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ‘ನಕಲು’ ಅಂದರೆ ಬೈಗುಳ ಅಲ್ಲ. ನಕಲು ಪ್ರತಿ, ದೃಢೀಕೃತ ನಕಲು, ದಿನಾ ಕೊಡುತ್ತೇವೆ. ಸೀಲು ಬಿದ್ದರೆ ಮೂಲದಷ್ಟೇ ತೂಕ. ‘ನಕಲಿ’ ಅಂದರೆ ಮಾತ್ರ ಪೊಲೀಸ್ ಕೇಸು. ಎರಡೂ ಒಂದೇ ಅರಬ್ಬಿ ಪದದಿಂದ ಬಂದವು. ಕೊನೆಯ ಸ್ವರ ಒಂದೇ ಮನುಷ್ಯನನ್ನು ಒಳಗೆ ಹಾಕಿಸುತ್ತದೆ. ಆದರೆ ಬೋರ್ಡಿನಲ್ಲಿ ಕೊಂಬು ಉದುರಿ ಬಿದ್ದರೆ? ಪರೀಕ್ಷೆಯಲ್ಲಿ ನಕಲು ಹೊಡೆಯುವುದೂ ಇದೆ ಬೇರೆ. ಆ ಪದ ಬಿಟ್ಟುಬಿಡಿ. ‘ಹೊಸದಾಗಿ ಮಾಡಿದ ಕ್ಯಾಸೆಟ್’ ಅನ್ನಿ ಸಾಕು.

— ಜಮಖಂಡಿ

*

ಇಷ್ಟು ಯೋಚನೆ ಯಾಕೆ? ಇಂಗ್ಲಿಷಿನಲ್ಲಿ ಬರ್ನ್ ಅಂತಾರೆ, ಕನ್ನಡದಲ್ಲಿ ಸುಡು. ನಾವು ಕಾಲೇಜಿನಲ್ಲಿದ್ದಾಗ ‘ಸಿಡಿ ಸುಟ್ಟು ಕೊಡೋ’ ಅಂತಿದ್ದೆವು, ಎಲ್ಲರಿಗೂ ಅರ್ಥ ಆಗುತ್ತಿತ್ತು. ಅದು ಬೇಡವಾದರೆ, ಚಿಪ್ಪಿಗೆ ಬರೆಯುವುದನ್ನು ಫ್ಲ್ಯಾಶ್ ಮಾಡುವುದು ಅಂತಲೂ ಅಂತಾರಲ್ಲ, ಆ ಫ್ಲ್ಯಾಶ್‌ಗೆ ಮಿಂಚು. ಮಿಂಚಿಸು, ಮರುಮಿಂಚಿಸು. ಅಚ್ಚ ಕನ್ನಡ, ಕಿವಿಗೂ ಚೆಂದ.

— ನವನಗರ, ಬಾಗಲಕೋಟೆ

*

ನವನಗರದ ತಮ್ಮಾ, ರಿಪೇರಿ ಅಂಗಡಿ ಮೇಲೆ ‘ಇಲ್ಲಿ ಚಿಪ್ ಸುಟ್ಟು ಕೊಡಲಾಗುವುದು’ ಅಂತ ಬರೆದರೆ ಒಳಗೆ ಯಾರು ಕಾಲಿಡುತ್ತಾರೆ?

ಸುಡುವ ಮಾತಿಗೆ ಒಂದು ಕಾಲಕ್ಕೆ ಕಾರಣ ಇತ್ತು. ಬಹಳ ಹಿಂದಿನ ಚಿಪ್ಪುಗಳಲ್ಲಿ ಕೂದಲಿಗಿಂತ ಸಣ್ಣ ಫ್ಯೂಸ್‌ಗಳಿರುತ್ತಿದ್ದವು. ಬರೆಯುವುದು ಅಂದರೆ ಬೇಕಾದ ಕಡೆ ಫ್ಯೂಸ್ ಹಾರಿಸುವುದು. ನಿಜವಾಗಿಯೂ ಸುಡುತ್ತಿತ್ತು, ಒಂದು ಸಲ ಸುಟ್ಟರೆ ಮುಗಿಯಿತು. ಇಂಟೆಲ್‌ನ ಡಾವ್ ಫ್ರೋಮನ್ 1971ರಲ್ಲಿ ಮಾಡಿದ ಇಪ್ರಾಮ್, ಅಂದರೆ ಅಳಿಸಿ ಬರೆಯಬಹುದಾದ ಚಿಪ್, ಹಾಗಲ್ಲ. ಅದರಲ್ಲಿ ಏನೂ ಸುಡುವುದಿಲ್ಲ, ಎಲೆಕ್ಟ್ರಾನುಗಳನ್ನು ಒಳಗೆ ಕೂಡಿಹಾಕುತ್ತೇವೆ. ನನ್ನ ಮೇಜಿನ ಮೇಲೆ ಈಗ ಅಂಥದೇ ಒಂದು ಚಿಪ್, 27ಸಿ512, ಇದೆ. ಬೆನ್ನ ಮೇಲೆ ದುಂಡನೆಯ ಗಾಜಿನ ಕಿಟಕಿ. ಇಣುಕಿದರೆ ಒಳಗೆ ಉಗುರಿನ ಚೂರಿನಷ್ಟು ಸಿಲಿಕಾನ್, ಸುತ್ತ ಎಳೆ ಎಳೆ ತಂತಿ. ಆ ಕಿಟಕಿಗೆ ಅಲ್ಟ್ರಾವಯಲೆಟ್ ದೀಪ ಹಿಡಿದರೆ 15–20 ನಿಮಿಷದಲ್ಲಿ ಪೂರ್ತಿ ಅಳಿಯುತ್ತದೆ. ನೇರ ಬಿಸಿಲಿಗೆ ಸುಮಾರು ಒಂದು ವಾರ ಅಂತ ಕಂಪನಿಯ ಹಾಳೆಯಲ್ಲಿದೆ. ಅವರು ವಿಜಯಪುರದ ಮೇ ತಿಂಗಳು ನೋಡಿಲ್ಲ. ಅದಕ್ಕೇ ಬರೆದಾದ ಮೇಲೆ ಕಿಟಕಿಗೆ ಚೀಟಿ ಅಂಟಿಸಬೇಕು.

ಮಿಂಚಿಸುವುದರಲ್ಲೂ ಒಂದು ತೊಡಕಿದೆ. ತೋಷಿಬಾದಲ್ಲಿ ಫುಜಿಯೋ ಮಸುವೋಕ ಫ್ಲ್ಯಾಶ್ ಚಿಪ್ ಮಾಡಿದಾಗ ಆ ಹೆಸರು ಸೂಚಿಸಿದ್ದು ಅವರ ಸಹೋದ್ಯೋಗಿ. ಕಾರಣ, ಅದು ಕ್ಯಾಮೆರಾ ಫ್ಲ್ಯಾಶ್ ಹೊಡೆದ ಹಾಗೆ ಒಂದೇ ಏಟಿಗೆ ಅಳಿಯುತ್ತದೆ ಅಂತ. ಮಿಂಚು ಅಳಿಸುವುದಕ್ಕೆ ಬಂದದ್ದು, ಬರೆಯುವುದಕ್ಕಲ್ಲ. ನೀವು ‘ಮಿಂಚಿಸಿ ಕೊಡಿ’ ಅಂದರೆ ನಾನು ಖಾಲಿ ಚಿಪ್ ಕೊಡಬೇಕು.

ಗುರುಗಳೇ, ನಿಮ್ಮ ಮೊದಲ ಪದ 9 ಅಕ್ಷರ, ಒತ್ತು ಬೇರೆ. ದುಡ್ಡಿನ ಮಾತು ಬಿಡಿ. ಹಳೇ ಟಿವಿ ಗೇಮಿನ ಕ್ಯಾಸೆಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಚಿಪ್ ಇರುತ್ತವೆ. ಒಂದರಲ್ಲಿ ಪ್ರೋಗ್ರಾಮು, ಇನ್ನೊಂದರಲ್ಲಿ ಬರೀ ಚಿತ್ರ. ಸೂಪರ್ ಮಾರಿಯೋ ಬ್ರದರ್ಸ್ ತಗೊಳ್ಳಿ: 32 ಕಿಲೋಬೈಟ್ ಪ್ರೋಗ್ರಾಮಿನ ಚಿಪ್ಪು, 8 ಕಿಲೋಬೈಟ್ ಚಿತ್ರದ ಚಿಪ್ಪು. ಎರಡನೆಯದರಲ್ಲಿ ಕ್ರಮವೂ ಇಲ್ಲ, ವಿಧಿಯೂ ಇಲ್ಲ. ಅದನ್ನು ಅಳಿಸಿ ಬರೆದರೆ ಕ್ರಮವಿಧೀಕರಣ ಹೇಗಾಯಿತು?

— ಖಡೇಬಜಾರ್

*

ಎಲ್ಲರೂ ಕಣ್ಣೆದುರಿಗೆ ಇರುವುದನ್ನು ಬಿಟ್ಟಿದ್ದೀರಿ. ಕಡತ!

ಈಗ ಕಡತ ಅಂದರೆ ಆಫೀಸಿನ ಫೈಲು. ಮೊದಲು ಹಾಗಿರಲಿಲ್ಲ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸುತ್ತಿದ್ದರು. ಕಪ್ಪಗೆ ಗಟ್ಟಿಯಾದ ಮೇಲೆ ಬೀಸಣಿಗೆಯ ಹಾಗೆ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸದೆ ಬಿಟ್ಟರೆ ನೂರಾರು ವರ್ಷ ಇರುತ್ತದೆ, ಶೃಂಗೇರಿ ಮಠದ ಕಡತಗಳು ಇವತ್ತಿಗೂ ಓದಲು ಸಿಗುತ್ತವೆ. ಅಳಿಸುವವರೆಗೆ ಉಳಿಯುತ್ತದೆ, ಅಳಿಸಿದರೆ ಮತ್ತೆ ಬರೆಸಿಕೊಳ್ಳುತ್ತದೆ. ನಿಮ್ಮ ಕಿಟಕಿಯ ಚಿಪ್ಪಿಗೂ ಇದಕ್ಕೂ ಏನು ವ್ಯತ್ಯಾಸ? ಚಿಪ್ಪಿಗೆ ಕಡತ, ಕೆಲಸಕ್ಕೆ ‘ಕಡತ ತಿದ್ದುವುದು’. ತಿದ್ದು ಅಂದರೆ ತಪ್ಪು ಸರಿಮಾಡುವುದೂ ಹೌದು, ಮಕ್ಕಳು ಅಕ್ಷರದ ಮೇಲೆ ಅಕ್ಷರ ಬರೆಯುವುದೂ ಹೌದು. ಒಂದೇ ಪದದಲ್ಲಿ ಎರಡೂ ಸಿಕ್ಕಿತಲ್ಲ!

— ಇಳಕಲ್ಲು

*

ಇಳಕಲ್ಲಿನವರೇ, ‘ಇಲ್ಲಿ ಕಡತ ತಿದ್ದಿ ಕೊಡಲಾಗುವುದು’ ಅಂತ ಬೋರ್ಡು ಹಾಕಿದರೆ ಮೊದಲು ಬರುವುದು ಲೋಕಾಯುಕ್ತದವರು.

— ಜಮಖಂಡಿ

*

ಸಂಸ್ಕ್ರುತ ಬೇಡ, ಇಂಗ್ಲೀಶೂ ಬೇಡ. ನಮ್ಮಲ್ಲೇ ‘ಊಡು’ ಇದೆ. ಉಣ್ಣು, ಊಡು. ತಾನು ಉಣ್ಣುವುದು, ಇನ್ನೊಬ್ಬರಿಗೆ ಊಡುವುದು. ಚಿಪ್ಪಿಗೆ ಆಟವನ್ನು ಊಡುತ್ತೀರಿ. ಮತ್ತೆ ಊಡಿದರೆ ‘ಮಾರೂಡು’. ಕೆಲಸಕ್ಕೆ ‘ಮಾರೂಡಿಕೆ’. ಮಹಾಪ್ರಾಣ ಇಲ್ಲ, ಒತ್ತೂ ಇಲ್ಲ, ಅಕ್ಶರದ ಕರ್ಚು ಕಡಿಮೆ. ಕನ್ನಡದ ತಿರುಳಿನ ನಾಡು ಅಂತ ಕವಿರಾಜಮಾರ್ಗ ಎಣಿಸಿದ ಊರುಗಳಲ್ಲಿ ಒಕ್ಕುಂದ ನಮ್ಮ ಬೆಳಗಾವಿ ಜಿಲ್ಲೆಯದು, ಪಟ್ಟದಕಲ್ಲು ಬಾಗಲಕೋಟೆಯದು. ಆ ನೆಲದಲ್ಲಿ ನಿಂತುಕೊಂಡು ರೀಪ್ರೋಗ್ರಾಮ್ ಅನ್ನಲು ನಾಚಿಕೆ ಆಗಬೇಕು.

— ಗೋಕಾಕ

*

‘ಕರ್ಚು’ ಅಲ್ಲ, ಖರ್ಚು. ಮೊದಲು ಕಾಗುಣಿತ, ಆಮೇಲೆ ತಿರುಳು.

— ವಿಜಯಪುರ

*

ನನ್ನ ಊರಿನ ಗುರುಗಳು ಖ ತಿದ್ದಿದರು, ಆದರೆ ಖರ್ಚು ಯಾರದು ಅಂತ ಹೇಳಲಿಲ್ಲ. ಅದು ಫಾರಸಿಯ ದಾರಿಯಲ್ಲಿ ಬಂದದ್ದು. ಬಾಕಿ, ವಸೂಲಿ, ಜಮಾ, ದಫ್ತರ, ತಾರೀಖು, ಅರ್ಜಿ, ಜಾಸ್ತಿ ಎಲ್ಲ ಅದೇ ದಾರಿ. ಆದಿಲ್‌ಶಾಹಿ ಕಾಲದ ಲೆಕ್ಕದ ಭಾಷೆ ಬಜಾರಿಗೆ ಇಳಿದು ಮನೆಯೊಳಗೆ ಬಂದು ಕೂತಿದೆ. ಗೋಕಾಕದವರು ಇವನ್ನೆಲ್ಲ ತೆಗೆದಿಟ್ಟು ಒಂದು ದಿನ ಸಂತೆ ಮಾಡಿಕೊಂಡು ಬರಲಿ, ನೋಡೋಣ. ಕಾಯಿಪಲ್ಯೆ ಸಿಕ್ಕರೂ ಚಿಲ್ಲರೆ ಸಿಗುವುದಿಲ್ಲ.

ನನ್ನ ಸಲಹೆ ಕಲಾಯಿ. ಹಿತ್ತಾಳೆ ಪಾತ್ರೆಯ ಹಳೇ ತವರ ಕೆರೆದು ಹೊಸದು ಹಾಕುತ್ತಾರಲ್ಲ, ಅದೇ ಪಾತ್ರೆ, ಹೊಸ ಒಳಮೈ. ಚಿಪ್ಪಿಗೆ ಕಲಾಯಿ.

— ಗೋಳಗುಮ್ಮಟದ ಹತ್ತಿರದಿಂದ

*

ಕಲಾಯಿ ಹಾಕುವವರೇ ಊರಲ್ಲಿ ಉಳಿದಿಲ್ಲ. ಹೊಸ ಹುಡುಗರಿಗೆ ಕಲಾಯಿಗೂ ಒಂದು ಅರ್ಥಕೋಶ ಬೇಕು. ಮುಂದಿನ ಸಲಹೆ?

— ನವನಗರ

*

ಪದ ಕೇಳಿದ್ದು ಬುಧವಾರ. ಇವತ್ತು ಶನಿವಾರ. ನೀವು ನೀವೇ ಜಗಳ ಆಡಿಕೊಳ್ಳಿ, ಪಾಪ ಅವರಿಗೆ ಬೋರ್ಡು ಬೇಕು.

ಅಣ್ಣಾವ್ರೇ, ನಿಮ್ಮ ಗಿರಾಕಿಗಳು ಬಾಗಿಲಲ್ಲಿ ನಿಂತು ಏನಂತ ಕೇಳುತ್ತಾರೆ? ಅದನ್ನು ಯಾರೂ ಕೇಳಲೇ ಇಲ್ಲ.

— ಜಮಖಂಡಿ

*

ಅಕ್ಕಾವ್ರೇ, ನೀವು ಕೇಳಿದ ಮೇಲೆ ನನಗೇ ಹೊಳೆಯಿತು. ನಿನ್ನೆ ಇಡೀ ದಿನ ಕಿವಿಗೊಟ್ಟು ಕೂತೆ.

ಕಾಲೇಜು ಹುಡುಗರು ‘ಅಣ್ಣಾ, ಹೊಸಾದು ಹಾಕಿ ಕೊಡ್ರಿ’ ಅಂದರು. ಅದರಲ್ಲಿ ಅಳಿಸುವುದು ಬರುವುದಿಲ್ಲ. ನಡುವಯಸ್ಸಿನ ಒಬ್ಬರು ಮಗನಿಗೋಸ್ಕರ ಬಂದಿದ್ದರು. ‘ಇದರಾಗಿಂದು ಅಳಿಸಿ ಬ್ಯಾರೆ ಗೇಮ್ ತುಂಬಿ ಕೊಡ್ತೀರೇನ್ರಿ?’ ಅಂದರು. ತುಂಬಿ! ಹಾಡಿನ ಕ್ಯಾಸೆಟ್ ಕಾಲದ ಮಾತು. ಖಾಲಿ ಕ್ಯಾಸೆಟ್ ಕೊಟ್ಟು, ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟು, ಎರಡು ದಿನ ಬಿಟ್ಟು ಹೋಗುತ್ತಿದ್ದೆವು. ‘ಕ್ಯಾಸೆಟ್ ತುಂಬಿಸಿಕೊಂಡು ಬಂದೆ’ ಅಂತಲೇ ಹೇಳುತ್ತಿದ್ದೆವು, ಅಲ್ವಾ? ನಮ್ಮ ಕಡೆ ಗೇಮಿಗೂ ಕ್ಯಾಸೆಟ್ ಅನ್ನುವುದು ಅಲ್ಲಿಂದಲೇ ಬಂದದ್ದಿರಬೇಕು. ಒಳಗೆ ಟೇಪ್ ಇಲ್ಲ, ಯಾರಿಗೂ ಅದರ ಚಿಂತೆ ಇಲ್ಲ.

ಇದು ಮರಾಠಿಯ ‘ಭರೂನ್ ದ್ಯಾ’ದ ನೆರಳು ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ: ಇರಬಹುದು. ತುಂಬು ಅನ್ನುವ ಪದ ಕನ್ನಡದ್ದೇ, ಬಳಸುವ ರೂಢಿ ಯಾವ ಗಲ್ಲಿಯದಾದರೇನು? ಅಂಗಡಿಗೆ ಎರಡೂ ಭಾಷೆಯವರು ಬರುತ್ತಾರೆ, ಇಬ್ಬರಿಗೂ ತಿಳಿಯುತ್ತದೆ. ಕೆಲಸದ ಕ್ರಮವೂ ಅದೇ. ಅಳಿಸದೆ ತುಂಬಲು ಆಗುವುದೇ ಇಲ್ಲ. ಅಳಿಸಿದ ಚಿಪ್ಪಿನಲ್ಲಿ ಎಲ್ಲ ಕಡೆ 1 ಇರುತ್ತದೆ. ಬರೆಯುವಾಗ 1 ಇದ್ದದ್ದನ್ನು 0 ಮಾಡಬಹುದು, 0 ಆದದ್ದನ್ನು ಒಂದೊಂದಾಗಿ 1 ಮಾಡಲು ಬರುವುದಿಲ್ಲ. ಮತ್ತೆ ಅಳಿಸಿಯೇ ಶುರು ಮಾಡಬೇಕು. ಹಾಗಾಗಿ ‘ಮರು’, ‘ಪುನಃ’ ಎರಡೂ ಸಾಲುವುದಿಲ್ಲ, ‘ಅಳಿಸಿ’ ಅಂತ ಬಾಯಿಬಿಟ್ಟು ಹೇಳಬೇಕು.

ಬೋರ್ಡಿನ ಸಾಲು: ಕ್ಯಾಸೆಟ್ ಅಳಿಸಿ ತುಂಬಿ ಕೊಡುತ್ತೇವೆ. ‘ಕೊಡಲಾಗುವುದು’ ಸರ್ಕಾರಿ ಆಯಿತು, ಬಿಟ್ಟೆ.

ಕೆಳಗೆ ಚಿಕ್ಕದಾಗಿ ಇನ್ನೊಂದು ಸಾಲು ಬೇಕು. ಒಳಗೆ ಚಿಪ್ಪಿನ ಮೇಲೆ ಕರೀ ಅಂಟಿನ ಉಬ್ಬು ಇರುವ ಕ್ಯಾಸೆಟ್ ತಂದು ‘ಇದನ್ನೇ ತುಂಬ್ರಿ’ ಅನ್ನುವವರು ಜಾಸ್ತಿ. ಒಂದರಲ್ಲಿ ಸಾವಿರ ಆಟ ಅಂತ ಮಾರುತ್ತಿದ್ದರಲ್ಲ, ಅವು. ಆ ಅಂಟಿನ ಕೆಳಗಿನ ಚಿಪ್ಪನ್ನು ಅಳಿಸಲು ಆಗುವುದಿಲ್ಲ. ‘ಅಂಟಿನವು ಆಗುವುದಿಲ್ಲ’ ಅಂತ ಬರೆಸುತ್ತೇನೆ.

— ಖಡೇಬಜಾರ್

*

ಕೊಡುತ್ತೇವೆ ಸರಿ. ಆದರೆ ಅಳಿಸಿ, ತುಂಬಿ, ಒಂದರ ಹಿಂದೆ ಒಂದು ಎರಡು ಪೂರ್ವಕಾಲಿಕ ಕೃದಂತ. ಕಿವಿಗೆ ತೊಡರುತ್ತದೆ. ‘ಅಳಿಸಿ’ ಆದಮೇಲೆ ‘ಹೊಸದು’ ಸೇರಿಸಿ.

— ವಿಜಯಪುರ

*

ಗುರುಗಳೇ, ಸೇರಿಸಿದೆ. ಮೂರು ಅಕ್ಷರ ಜಾಸ್ತಿ ಆಯಿತು, ನಿಮ್ಮ ಮಾತಿಗೆ ಬೆಲೆ ಕೊಟ್ಟು.

ಅಕ್ರಿಲಿಕ್ ಕತ್ತರಿಸುವ ಮೊದಲು ನೋಡೋಣ ಅಂತ ಇವತ್ತು ಕಾಗದದ ಮೇಲೆ ಬರೆದು ಶಟರಿಗೆ ಅಂಟಿಸಿದ್ದೆ. ಮಧ್ಯಾಹ್ನ ಒಬ್ಬ ಅಜ್ಜ ಬಂದರು. ರುಮಾಲಿನ ಗಂಟು ಬಿಚ್ಚಿ ನಾಲ್ಕು ಭಜನೆ ಕ್ಯಾಸೆಟ್ ಮೇಜಿನ ಮೇಲಿಟ್ಟರು. ‘ಈ ಮೂರು ಇರಲಿ ತಮ್ಮಾ. ಇದೊಂದು ಅಳಿಸಿ, ಹೊಸ ಭಜನಿ ತುಂಬಿ ಕೊಡು’ ಅಂದರು. ಕೂರಿಸಿ ಚಹಾ ಕೊಟ್ಟು ಕಳಿಸಿದೆ. ‘ಕ್ಯಾಸೆಟ್’ ಹಿಂದೆ ‘ಗೇಮ್’ ಸೇರಿಸಲೇಬೇಕು.

— ಖಡೇಬಜಾರ್

*

ಗೇಮ್ ಅಲ್ಲ. ‘ಆಟದ ಕ್ಯಾಸೆಟ್’.

— ಗೋಕಾಕ

*

ಗೋಕಾಕದವರಾಗಿ ನೀವೇ ಹೀಗಂದರೆ ಹೇಗೆ? ನಮ್ಮ ಕಡೆ ಆಟದ ಕ್ಯಾಸೆಟ್ ಅಂದರೆ ದೊಡ್ಡಾಟ, ಸಣ್ಣಾಟದ ಕ್ಯಾಸೆಟ್. ಆ ಅಜ್ಜ ನಾಳೆ ಮತ್ತೆ ಬರುತ್ತಾರೆ.

— ಖಡೇಬಜಾರ್